ಮುಟ್ಟಬಾರದ ಡಿಸ್ಕ್

ರಿಟೈರ್ ಆದ ಗಂಡಸು ಗುಡ್ಡ ಹತ್ತುವ ಸೈಕಲ್ ತಂದು ಮನೆಯ ಮುಂದೆ ನಿಲ್ಲಿಸಿದ ದಿನವೇ ನಾನು ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ. ಗೋರೆಗಾಂವಿನ ಆಫೀಸಿನಲ್ಲಿ ಮೂವತ್ತು ವರ್ಷ ಕುರ್ಚಿ ಬಿಸಿ ಮಾಡಿದ ನನ್ನ ಯಜಮಾನರು ಮನೆಯಲ್ಲಿ ಕೂತು ನನ್ನ ಸಾರಿನಲ್ಲಿ ಉಪ್ಪು ಹುಳಿ ಹುಡುಕುವುದಕ್ಕಿಂತ, ಬೆಳಿಗ್ಗೆ ಎರಡು ಗಂಟೆ ಎಲ್ಲಾದರೂ ತುಳಿದುಕೊಂಡು ಬರಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ದಪ್ಪ ದಪ್ಪ ಟೈರು, ಚಕ್ರದ ಮಧ್ಯೆ ತೂತು ತೂತಾದ ಉಕ್ಕಿನ ಡಿಸ್ಕು, ಮಂಗನಂತೆ ಬಗ್ಗಿ ಕೂರುವ ಹ್ಯಾಂಡಲು. ನೋಡಿದವರು ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಬಿಲ್ಡಿಂಗಿನ ವಾಚ್‌ಮನ್ ದಿನಾ ಬೆಳಿಗ್ಗೆ ಸೆಲ್ಯೂಟ್ ಹೊಡೆಯಲು ಶುರು ಮಾಡಿದ, ಇವರು ಇನ್ನೂ ಉಬ್ಬಿಹೋದರು.

ನಾವಿರುವುದು ಭಾಂಡುಪ್ ವೆಸ್ಟಿನಲ್ಲಿ, ಏರಿನ ತುದಿಯ ಬಿಲ್ಡಿಂಗಿನಲ್ಲಿ. ಗೇಟಿನಿಂದ ಹೊರಬಿದ್ದರೆ ರಸ್ತೆ ಸರ್ರನೆ ಇಳಿದು, ಕೆಳಗೆ ಒಂದು ತಿರುವು ತೆಗೆದುಕೊಂಡು, ತರಕಾರಿ ಗಾಡಿಗಳೂ ರಿಕ್ಷಾಗಳೂ ಗುಂಪಾಗಿ ನಿಂತಿರುವ ನಾಕಾಕ್ಕೆ, ಅಂದರೆ ನಮ್ಮ ಕಡೆಯ ಸರ್ಕಲ್ಲಿಗೆ, ಹೋಗಿ ಸೇರುತ್ತದೆ. ಆ ಇಳಿಜಾರನ್ನು ಇಳಿಯದೆ ನಮಗೆ ಪ್ರಪಂಚವೇ ಇಲ್ಲ. ಇವರು ಅದನ್ನು ಇಳಿದು, ಪೊವಾಯಿ ಹಾದು, ಆರೆ ಕಾಡಿನ ಮರಗಳ ಕೆಳಗೆ ಒಂದು ಸುತ್ತು ಹಾಕಿ, ಒಂಬತ್ತರೊಳಗೆ ಬೆವರು ಸುರಿಸಿಕೊಂಡು ಬಂದು ‘ತಿಂಡಿ ಏನೇ?’ ಎನ್ನುತ್ತಿದ್ದರು. ಆ ಒಂದು ವರ್ಷ ಅವರು ನನ್ನ ಮೇಲೆ ರೇಗಿದ್ದೇ ಕಡಿಮೆ.

ಆಮೇಲೆ ಒಂದು ದಿನ ಕಾಫಿ ಫಿಲ್ಟರಿನ ಮುಚ್ಚಳ ತೆಗೆಯಲು ಅವರಿಂದ ಆಗಲಿಲ್ಲ. ‘ಇಷ್ಟು ಬಿಗಿಯಾಗಿ ಮುಚ್ಚೋದಾ?’ ಎಂದು ನನಗೇ ಬೈದರು. ನಾನು ಎರಡು ಬೆರಳಲ್ಲಿ ತೆಗೆದೆ. ಅದೇ ಶುರು. ಬಾಂದ್ರಾದ ನರಗಳ ಡಾಕ್ಟರು ಸೂಜಿ ಚುಚ್ಚಿ, ಕರೆಂಟು ಹರಿಸಿ, ಒಂದು ಉದ್ದನೆಯ ಹೆಸರು ಹೇಳಿದರು. ಕೈಯ ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಹೋಗುವ ಕಾಯಿಲೆ. ಔಷಧಿ ಇಲ್ಲ. ನಿಧಾನವಾಗಿ ಹೋಗಬಹುದು, ಬೇಗನೂ ಹೋಗಬಹುದು. ಕೈಗೆ ಕೆಲಸ ಕೊಡುತ್ತಲೇ ಇರಿ, ಅಷ್ಟೇ ನಿಮ್ಮಿಂದ ಆಗುವುದು ಎಂದರು. ಇವರು ಕೇಳಿದ್ದು ಒಂದೇ ಪ್ರಶ್ನೆ: ಸೈಕಲ್ ಹೊಡೆಯಬಹುದಾ? ಡಾಕ್ಟರು, ‘ಬ್ರೇಕ್ ಹಿಡಿಯೋಕಾಗೋವರೆಗೂ ಹೊಡೀರಿ’ ಎಂದರು. ಆ ಮಹಾರಾಯರಿಗೆ ನಾಲಿಗೆ ಹಿಡಿತದಲ್ಲಿರಲಿಲ್ಲ ಎಂದು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಲೋಕಲ್ ರೈಲಿನಲ್ಲಿ ವಾಪಸು ಬರುವಾಗಲೇ ಇವರು ನನ್ನ ಜೊತೆ ಒಪ್ಪಂದ ಮಾಡಿಕೊಂಡರು. ‘ನೋಡೇ, ಬ್ರೇಕ್ ಹಿಡಿಯೋಕೆ ಆಗದ ದಿನ ನಾನೇ ಇಳಿದು, ಬೀಗ ಹಾಕಿ, ಕೀ ನಿನ್ನ ಕೈಗೆ ಕೊಡ್ತೀನಿ. ಅಲ್ಲೀವರೆಗೂ ನೀನು ಒಂದು ಮಾತೂ ಆಡಕೂಡದು.’

‘ಬಿದ್ದು ತಲೆ ಒಡ್ಕೊಂಡ್ರೆ?’

‘ಅದೇ ಹೇಳಿದ್ನಲ್ಲ, ಒಂದು ಮಾತೂ ಆಡಕೂಡದು.’

ಆಯಿತು ಎಂದೆ. ಇನ್ನೇನು ಹೇಳಲಿ? ಎದುರು ಸೀಟಿನ ಹೆಂಗಸರೆಲ್ಲ ನನ್ನ ಮುಖ ನೋಡುತ್ತಿದ್ದರು, ಕಣ್ಣೀರು ಬೇರೆ ತಡೆಯಬೇಕಿತ್ತು.

ಬೆರಳಿನ ಬಲ ಕಡಿಮೆಯಾದಂತೆ ಇವರು ಸೈಕಲ್ಲಿಗೆ ಬಲ ತುಂಬಲು ಹೊರಟರು. ಹೈಡ್ರಾಲಿಕ್ ಬ್ರೇಕ್ ಮೊದಲೇ ಇತ್ತು. ಲಿವರನ್ನು ಬೆರಳಿನ ಹತ್ತಿರಕ್ಕೆ ತಂದಿದ್ದೂ ಆಗಿತ್ತು. ಇನ್ನು ಉಳಿದಿದ್ದು ಡಿಸ್ಕನ್ನು ದೊಡ್ಡದು ಮಾಡುವುದೊಂದೇ. ನನಗೆ ಅರ್ಥವಾಗಲಿ ಎಂದು ಅಡುಗೆಮನೆಯ ಬಾಗಿಲ ಹತ್ತಿರ ಕರೆದುಕೊಂಡು ಹೋದರು. ‘ನಾನು ಬಾಗಿಲು ತಳ್ತೀನಿ, ನೀನು ಕೀಲಿನ ಪಕ್ಕದಲ್ಲಿ ಕೈಯಿಟ್ಟು ತಡಿ’ ಎಂದರು. ತಡೆಯಲು ಒದ್ದಾಡಿದೆ. ‘ಈಗ ಚಿಲಕದ ಹತ್ತಿರ ತಡಿ.’ ಒಂದು ಬೆರಳಿಗೇ ನಿಂತಿತು. ‘ಅಷ್ಟೇ ಕಣೇ. ಡಿಸ್ಕ್ ದೊಡ್ಡದಾದಷ್ಟೂ ಬ್ರೇಕು ಚಕ್ರದ ನಡುವಿನಿಂದ ದೂರ ಹೋಗುತ್ತೆ. ಬೆರಳಿಗೆ ಕೆಲಸ ಕಮ್ಮಿ’ ಎಂದರು. ಎಷ್ಟು ಖುಷಿ ಆ ಮುಖದಲ್ಲಿ! ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು, ನಾನು ಬೈಯಲಿಲ್ಲ.

ಸ್ಟೇಷನ್ ಕಡೆಯ ಸೈಕಲ್ ಅಂಗಡಿಯವನು ವಿಜಾಪುರದ ಕಡೆಯವನು. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾನೆ, ಗಿರಾಕಿಗಳ ಹತ್ತಿರ ಹಿಂದಿ, ನಮ್ಮ ಹತ್ತಿರ ಮಾತ್ರ ಅವನ ಊರಿನ ಕನ್ನಡ. ಗಣೇಶನನ್ನು ನೀರಿಗೆ ಬಿಟ್ಟ ವಾರ ಹೊಸ ಡಿಸ್ಕುಗಳು ಬಂದವು. ಹಳೆಯದು ಕಾಫಿ ಬಸಿಯಷ್ಟಿದ್ದರೆ ಮುಂದಿನ ಚಕ್ರದ ಹೊಸದು ತಿಂಡಿ ತಟ್ಟೆಯಷ್ಟಿತ್ತು. ಅವನು ಆರು ತಿರುಪು ಬಿಚ್ಚಿ ಹಳೆಯದನ್ನು ತೆಗೆದು, ಹೊಸದನ್ನು ಅಂಚಿನಲ್ಲಿ ಮಾತ್ರ ಹಿಡಿದು ಕೂರಿಸಿ, ಡಿಸ್ಕನ್ನು ಕಚ್ಚಿ ಹಿಡಿಯುವ ಬ್ರೇಕಿನ ಇಕ್ಕಳದ ಕೆಳಗೆ ಒಂದು ಲೋಹದ ತುಂಡು ಕೊಟ್ಟು ಅದನ್ನು ಮೇಲಕ್ಕೆತ್ತಿದ. ಕೊನೆಗೆ, ‘ಸಾಹೇಬ್ರ, ಇದನ್ನ ಕೈಲೆ ಮುಟ್ಟಬ್ಯಾಡ್ರಿ ಮತ್ತ’ ಎಂದ.

ಇವರು ಮನೆಗೆ ಬಂದು ಅದನ್ನೇ ನನಗೆ ಹೇಳಿದರು. ‘ಡಿಸ್ಕನ್ನ ಕೈಯಲ್ಲಿ ಮುಟ್ಟಬಾರದು.’

‘ಯಾಕೆ, ಅದಕ್ಕೇನು ಮಡಿಯೋ?’ ಎಂದೆ.

‘ಹೂಂ, ಮಡಿನೇ ಅಂದ್ಕೋ’ ಎಂದು ನಕ್ಕು ಕಾಫಿ ಕುಡಿಯಲು ಕೂತರು. ಯಾಕೆ ಎಂದು ಅವರು ಬಿಡಿಸಿ ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ನಮ್ಮಿಬ್ಬರ ಮೂವತ್ತೈದು ವರ್ಷದ ಸಂಸಾರವೇ ಹೀಗೆ ನಡೆದಿರುವುದು.

ಅವತ್ತು ಸಂಜೆ ಕಾಂಪೌಂಡಿನಲ್ಲಿ ಇವರು ಹತ್ತಿಪ್ಪತ್ತು ಸಲ ಓಡಿಸಿ ಓಡಿಸಿ ಬ್ರೇಕ್ ಹಿಡಿದರು. ಹೊಸ ಡಿಸ್ಕು ಹಾಗೆ ಪಳಗಬೇಕಂತೆ. ಕೀಚ್ ಎಂದು ಕೂಗಿ ಕೂಗಿ ಕೊನೆಗೆ ಸದ್ದು ನಿಂತಿತು. ‘ನೋಡು, ಒಂದೇ ಬೆರಳು!’ ಎಂದು ಬಾಲ್ಕನಿಯಲ್ಲಿದ್ದ ನನಗೆ ತೋರುಬೆರಳು ಎತ್ತಿ ತೋರಿಸಿದರು. ಆ ತಿಂಗಳು ನಮ್ಮ ಮನೆಯಲ್ಲಿ ಕಾಯಿಲೆಯ ಹೆಸರೇ ಬರಲಿಲ್ಲ.

ನವರಾತ್ರಿ ಬಂತು. ಈ ಊರಿನವರು ದಸರೆಯ ದಿನ ಗಾಡಿಗೆ ಚೆಂಡುಹೂ ಹಾಕುತ್ತಾರೆ. ನಮಗೆ ಹಿಂದಿನ ದಿನವೇ ಆಯುಧಪೂಜೆ. ಮೈಸೂರಿನಲ್ಲಿ ನಮ್ಮಮ್ಮ ಈಳಿಗೆಮಣೆ, ಕತ್ತರಿ, ಚಾಕು, ಅಪ್ಪನ ಸೈಕಲ್ಲು ಎಲ್ಲವನ್ನೂ ತೊಳೆದು, ಒರೆಸಿ, ತುಕ್ಕು ಹಿಡಿಯದಿರಲಿ ಎಂದು ತೆಳ್ಳಗೆ ಎಣ್ಣೆ ಸವರಿ, ಆಮೇಲೆ ಅರಿಸಿನ ಕುಂಕುಮ ಇಡುತ್ತಿದ್ದಳು. ನಾನೂ ಹಾಗೇ. ಆ ವರ್ಷ ಆ ಸೈಕಲ್ಲಿಗೆ ಒಂದಿಷ್ಟು ಹೆಚ್ಚೇ ಮಾಡಬೇಕು ಎನಿಸಿತು. ಯಾಕೆ ಎಂದು ಬೇರೆ ಹೇಳಬೇಕೇ? ನನ್ನ ಗಂಡನ ಜೀವವನ್ನು ದಿನಾ ಬೆಳಿಗ್ಗೆ ಅದರ ಕೈಗೆ ಕೊಟ್ಟು ಕಳಿಸುತ್ತಿದ್ದೆ.

ಇವರು ಮಾರ್ಕೆಟ್ಟಿಗೆ ಬೂದುಗುಂಬಳ ತರಲು ಹೋಗಿದ್ದರು. ನಾನು ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಕೂತೆ. ಡಿಸ್ಕನ್ನು ಮುಟ್ಟಬಾರದು ಎಂದಿದ್ದು ನೆನಪಿತ್ತು. ಕೊಳೆ ಕೈಯಲ್ಲಿ ತಾನೆ ಮುಟ್ಟಬಾರದು? ಈಗ ಸ್ನಾನವಾಗಿದೆ, ದೇವರ ಕೆಲಸ ಬೇರೆ. ಹೊಸ ಮೆತ್ತನೆಯ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಮುಂದಿನದು, ಹಿಂದಿನದು, ಎರಡನ್ನೂ ಎರಡೂ ಕಡೆ ಸವರಿದೆ. ಒಂದು ತೂತೂ ಬಿಡಲಿಲ್ಲ. ಥಳಥಳ ಹೊಳೆಯಿತು. ಹ್ಯಾಂಡಲಿನ ಮೇಲೆ ಮೂರು ಕಡೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಇವರು ಬಂದ ಮೇಲೆ ಕುಂಬಳ ಒಡೆಸಿ ಆರತಿ ಎತ್ತಿದೆ. ಅವರ ಕೈ ಕಾಪಾಡಪ್ಪಾ ಎಂದು ಬೇಡಿಕೊಂಡೆ.

ಮಾರನೆಯ ಬೆಳಿಗ್ಗೆ ಇವರು ಕುಂಕುಮವನ್ನು ಒಂದು ಬಟ್ಟೆಯಲ್ಲಿ ಒರೆಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಗೇಟು ದಾಟಿದರು. ನಾನು ಬಾಲ್ಕನಿಯಲ್ಲಿ ನೈಟಿ ಒಣಗಿಸುತ್ತಿದ್ದೆ. ಇಳಿಜಾರಿನ ಅರ್ಧದಲ್ಲಿ ಅವರ ಬೆನ್ನು ಎಂದಿನಂತೆ ನಿಧಾನವಾಗಲಿಲ್ಲ. ಇನ್ನೂ ಜೋರಾಯಿತು. ಎರಡೂ ಮೊಣಕೈ ಹೊರಕ್ಕೆ ಚಾಚಿಕೊಂಡಿದ್ದು ಕಂಡಿತು, ಅಂದರೆ ಶಕ್ತಿಯೆಲ್ಲ ಹಾಕಿ ಬ್ರೇಕ್ ಹಿಡಿಯುತ್ತಿದ್ದಾರೆ. ಕೆಳಗಿನಿಂದ ತರಕಾರಿಯವಳು ‘ಅರೇ ಕಾಕಾ! ಕಾಕಾ!’ ಎಂದು ಕಿರುಚಿದಳು. ತಿರುವಿನಲ್ಲಿ ಹಳೆಯ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಿದ್ದವರ ಮರಳಿನ ರಾಶಿ ಇತ್ತು. ಇವರು ಜನರ ಮೇಲೆ ಹೋಗುವುದನ್ನು ತಪ್ಪಿಸಿ ಸೀದಾ ಅದರೊಳಗೆ ನುಗ್ಗಿದರು.

ಮೆಟ್ಟಿಲು ಹೇಗೆ ಇಳಿದೆನೋ, ಬರಿಗಾಲಲ್ಲಿ ಹೇಗೆ ಓಡಿದೆನೋ ಗೊತ್ತಿಲ್ಲ. ಹೋಗಿ ನೋಡಿದರೆ ಮೈಯೆಲ್ಲ ಮರಳು ಮಾಡಿಕೊಂಡು ಕೂತಿದ್ದಾರೆ. ಮೊಣಕಾಲು ಕಿತ್ತುಹೋಗಿತ್ತು, ಗದ್ದ ಒಡೆದಿತ್ತು, ಮೂಳೆಗೇನೂ ಆಗಿರಲಿಲ್ಲ. ನಾಲ್ಕು ಜನ ನೀರು ಕೊಡುತ್ತಿದ್ದರು. ಇವರು ಯಾರನ್ನೂ ನೋಡದೆ ತಮ್ಮ ಎರಡು ಅಂಗೈಯನ್ನೇ ನೋಡುತ್ತಿದ್ದರು. ‘ಹಿಡಿದೆ ಕಣೇ. ಪೂರ್ತಿ ಹಿಡಿದೆ. ಕೈಯಲ್ಲಿ ಏನೂ ಇಲ್ಲ’ ಎಂದರು.

ಮನೆಗೆ ಬಂದು, ಗಾಯಕ್ಕೆ ಪಟ್ಟಿ ಹಾಕುವ ಮೊದಲೇ, ಸೈಕಲ್ಲಿಗೆ ಬೀಗ ಹಾಕಿಸಿ ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ನನಗೆ ಸಂತೋಷವಾಯಿತು. ಪಾಪದ ಮಾತು, ಆದರೂ ಬರೆಯುತ್ತೇನೆ. ಸದ್ಯ, ಇಷ್ಟರಲ್ಲೇ ಮುಗಿಯಿತಲ್ಲ ಎಂದು ಆ ಕೀಯನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಒಂದು ವಾರ ಕಳೆದು, ಹ್ಯಾಂಡಲ್ ನೆಟ್ಟಗೆ ಮಾಡಿಸಿ ಯಾರಿಗಾದರೂ ಮಾರಿಬಿಡೋಣ ಎಂದು ಸೈಕಲ್ಲನ್ನು ನಾನೇ ತಳ್ಳಿಕೊಂಡು ಅಂಗಡಿಗೆ ಹೋದೆ. ವಿಜಾಪುರದವನು ಚಕ್ರ ತಿರುಗಿಸಿದ, ಬ್ರೇಕ್ ಹಿಡಿದ, ಮತ್ತೆ ಹಿಡಿದ. ಬಗ್ಗಿ ಮೂಸಿದ.

‘ಅಕ್ಕಾರ, ಇದಕ್ಕ ಎಣ್ಣಿ ಯಾರ ಹಚ್ಯಾರ್ರೀ?’

‘ನಾನೇ. ಆಯುಧಪೂಜೆಗೆ.’

ಅವನು ಹಣೆಗೆ ಕೈ ಹಚ್ಚಿಕೊಂಡ. ‘ಅಯ್ಯ ಯವ್ವಾ! ಡಿಸ್ಕಿಗೆ ಎಣ್ಣಿ ಬಡದ್ರ ಬ್ರೇಕ್ ಹೆಂಗ ಹಿಡೀತೈತ್ರಿ? ಕೈ ಮುಟ್ಟಿದ್ರ ಅದರ ಜಿಡ್ಡಿಗೇ ಜಾರ್ತೈತಿ. ಪೈಲ್ವಾನ ಕುಂತಿದ್ರೂ ಇದು ನಿಲ್ತಿದ್ದಿಲ್ಲ. ಸಾಹೇಬ್ರ ಕೈದು ಏನೂ ತಪ್ಪಿಲ್ರಿ.’

ಅವನ ಸ್ಟೂಲು ಎಳೆದುಕೊಂಡು ಕೂತೆ. ನನ್ನ ಗಂಡನನ್ನು ನಾನೇ ಕೊಲ್ಲಲು ಹೊರಟಿದ್ದೆ, ಅದೂ ಸ್ನಾನ ಮಾಡಿ, ಶ್ರದ್ಧೆಯಿಂದ. ಅವನು ಚಹಾ ತರಿಸಿದ. ಕುಡಿಯುತ್ತಾ ಕುಡಿಯುತ್ತಾ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಕೆಟ್ಟದ್ದು. ಹೇಳದಿದ್ದರೆ? ಹೇಳಿದರೆ ಮತ್ತೆ ಹತ್ತುತ್ತಾರೆ. ಹೇಳದಿದ್ದರೆ ಮನೆಯಲ್ಲಿರುತ್ತಾರೆ, ನನ್ನ ಕಣ್ಣೆದುರಿಗೆ ಇರುತ್ತಾರೆ. ಮಾರುವುದು ಸದ್ಯಕ್ಕೆ ಬೇಡ ಎಂದು ಸೈಕಲ್ಲನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಬಾಯಿಗೆ ಬೀಗ ಹಾಕಿಕೊಂಡೆ.

ಆರು ದಿನ. ಆ ಆರು ದಿನ ಅವರನ್ನು ನೋಡಿದ್ದೇನಲ್ಲ, ಶತ್ರುವಿಗೂ ಬೇಡ. ಬೆರಳಿಗೆ ವ್ಯಾಯಾಮವೆಂದು ದಿನಾ ಅಮುಕುತ್ತಿದ್ದ ರಬ್ಬರ್ ಚೆಂಡು ಸೋಫಾದ ಕೆಳಗೆ ಉರುಳಿಕೊಂಡಿತ್ತು, ಎತ್ತಿಕೊಳ್ಳಲಿಲ್ಲ. ಚಪಾತಿ ಮುರಿಯಲು ಆಗುವುದಿಲ್ಲ ಎಂದು ಅನ್ನವನ್ನಷ್ಟೇ ಚಮಚದಲ್ಲಿ ತಿಂದರು. ಬೀಳುವ ಹಿಂದಿನ ದಿನದವರೆಗೂ ತಾವೇ ಮುರಿಯುತ್ತಿದ್ದರು! ಪೇಪರ್ ಮಡಿಚಲಿಲ್ಲ, ಚಪ್ಪಲಿ ಹಾಕಿಕೊಳ್ಳಲಿಲ್ಲ. ಏಳನೆಯ ಬೆಳಿಗ್ಗೆ ಶರ್ಟು ಹಾಕಿಕೊಂಡು, ಗುಂಡಿ ಹಾಕಲು ಪ್ರಯತ್ನವನ್ನೇ ಮಾಡದೆ, ಮಗುವಿನ ಹಾಗೆ ನನ್ನ ಮುಂದೆ ಬಂದು ನಿಂತರು.

‘ನೀವೇ ಹಾಕ್ಕೊಳ್ರೀ’ ಎಂದೆ.

‘ಸತ್ತುಹೋಗಿದೆ ಬಿಡೇ ಕೈ. ಸುಮ್ನೆ ಯಾಕೆ.’

ನನಗೆ ಎಲ್ಲಿತ್ತೋ ಸಿಟ್ಟು. ‘ಸತ್ತಿಲ್ಲ ರೀ ನಿಮ್ಮ ಕೈ! ನಾನು ಎಣ್ಣೆ ಹಚ್ಚಿದ್ದೆ ಡಿಸ್ಕಿಗೆ! ಪೂಜೆಗೆ! ಅದಕ್ಕೇ ಬ್ರೇಕ್ ಹಿಡೀಲಿಲ್ಲ! ನಿಮ್ಮ ಕೈ ಸರಿಯಾಗೇ ಇತ್ತು, ನನ್ನ ಬುದ್ಧಿನೇ ಸರಿ ಇರ್ಲಿಲ್ಲ!’ ಎಂದು ಕೂಗಿಬಿಟ್ಟೆ.

ಅವರು ಇನ್ನೊಂದು ಹೆಜ್ಜೆ ಹತ್ತಿರ ಬಂದರು. ಆಮೇಲೆ, ‘ಎಷ್ಟು ಹಚ್ಚಿದೆ?’ ಎಂದರು.

‘ಎರಡೂ ಡಿಸ್ಕಿಗೆ. ಎರಡೂ ಕಡೆ.’

‘ಕೊಬ್ಬರಿ ಎಣ್ಣೆಯಾ?’

‘ಹೂಂ.’

‘ಅಯ್ಯೋ ಮಹಾತಾಯಿ!’ ಎಂದು ನಗಲು ಶುರು ಮಾಡಿದರು. ಬಿದ್ದೂ ಬಿದ್ದೂ ನಕ್ಕರು. ಕಣ್ಣಲ್ಲಿ ನೀರು ಬಂತು. ಬೆರಳುಗಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ನೋಡಿಕೊಂಡರು. ನಾನೂ ಅಳುತ್ತಾ ನಕ್ಕೆ. ನಗು ಇನ್ನೂ ಮುಗಿದಿರಲಿಲ್ಲ, ‘ನಿನಗೆ ಯಾವಾಗ ಗೊತ್ತಾಯ್ತು?’ ಎಂದರು.

‘ಆರು ದಿನ ಆಯ್ತು.’

ಅವರ ನಗು ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಹತ್ತಿರ ಹೋಗಿ ಕೂತು, ಒಂದೊಂದೇ ಗುಂಡಿಯನ್ನು ತಾವೇ ಹಾಕಿಕೊಂಡರು. ಬಹಳ ಹೊತ್ತು ಹಿಡಿಯಿತು. ಸಂಜೆ ಕಾಫಿ ಕೊಡುವಾಗ ಕೈ ಚಾಚಿ, ‘ಕೀ’ ಎಂದರು. ಸಾಸಿವೆ ಡಬ್ಬಿಯ ಹಿಂದಿನಿಂದ ತೆಗೆದುಕೊಟ್ಟೆ.

ಎಣ್ಣೆ ಹೀರಿಕೊಂಡಿದ್ದ ಬ್ರೇಕ್ ಪ್ಯಾಡುಗಳನ್ನು ಅಂಗಡಿಯವನು ಎಸೆದು ಹೊಸದು ಹಾಕಿದ. ಡಿಸ್ಕನ್ನು ಮರಳು ಕಾಗದದಲ್ಲಿ ಉಜ್ಜಿ ಸ್ಪಿರಿಟ್ಟಿನಲ್ಲಿ ಒರೆಸಿಕೊಟ್ಟ. ಮತ್ತೆ ಕಾಂಪೌಂಡಿನಲ್ಲಿ ಕೀಚ್ ಕೀಚ್ ಸದ್ದು. ಚಳಿಗಾಲವಿಡೀ ಇವರು ಆರೆಗೆ ಹೋಗಿ ಬಂದರು. ಸಂಕ್ರಾಂತಿಯ ಹೊತ್ತಿಗೆ ಬ್ರೇಕಿನ ಮೇಲಿನ ಒಂದು ಬೆರಳು ಎರಡಾಗಿತ್ತು, ಹೋಳಿಯ ಹೊತ್ತಿಗೆ ನಾಲ್ಕು. ಬಾಲ್ಕನಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ನಾನು ಒಂದು ಮಾತೂ ಆಡಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಇವರು ಗೇಟಿನ ಹತ್ತಿರ ಸೀಟಿನ ಮೇಲೆ ಕೂತು, ಒಂದು ಕಾಲು ನೆಲಕ್ಕೆ ಊರಿ, ಲಿವರ್ ಹಿಡಿದರು. ಬಿಟ್ಟರು. ಎರಡೂ ಕೈಯನ್ನು ಒಂದೇ ಲಿವರಿಗೆ ಹಾಕಿ ಹಿಡಿದರು. ಇಳಿಜಾರನ್ನು ಒಂದಿಷ್ಟು ಹೊತ್ತು ನೋಡಿ, ಇಳಿದು, ಸೈಕಲ್ಲನ್ನು ತಳ್ಳಿಕೊಂಡು ವಾಪಸು ಬಂದರು. ಬೀಗ ಹಾಕಿ, ಮೇಲೆ ಬಂದು, ಕೀ ನನ್ನ ಕೈಯಲ್ಲಿಟ್ಟು ಸ್ನಾನಕ್ಕೆ ಹೋದರು.

ನಾನು ಓಡಿದೆ. ಕೆಳಗೆ ಹೋಗಿ ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಇವರ ಒಗೆದ ಬಿಳಿ ಕರ್ಚೀಫಿನಿಂದ ಡಿಸ್ಕನ್ನು ಒರೆಸಿದೆ. ಮುಂದಿನದು, ಹಿಂದಿನದು, ಎರಡೂ ಕಡೆ. ಜಿಡ್ಡು ಇರಲಿ ದೇವರೇ, ಒಂದು ತೊಟ್ಟು ಎಣ್ಣೆ ಇರಲಿ, ಯಾರಾದರೂ ಏನಾದರೂ ಚೆಲ್ಲಿರಲಿ ಎಂದು ಉಜ್ಜಿದೆ. ಕರ್ಚೀಫು ಬೆಳ್ಳಗೇ ಇತ್ತು. ಒಂದಿಷ್ಟು ಧೂಳು, ಅಷ್ಟೇ.

ಹಾಗೇ ಅಂಗಡಿಗೆ ಹೋದೆ. ‘ಇದಕ್ಕಿಂತ ದೊಡ್ಡ ಡಿಸ್ಕ್ ಇಲ್ವೇನಪ್ಪಾ?’ ಎಂದು ಕೇಳಿದೆ.

ಅವನು ಕೈ ಒರೆಸಿಕೊಂಡು ಎದ್ದು ನಿಂತ. ‘ಈ ಸೈಕಲ್ಲಿಗೆ ಇದ ಕಡೀದ್ರಿ ಅಕ್ಕಾರ. ಇದಕ್ಕಿಂತ ದೊಡ್ಡದು ಕೂಡೂದಿಲ್ಲ’ ಎಂದ. ಚಹಾ ತರಿಸುತ್ತೇನೆ ಎಂದ. ಬೇಡ ಎಂದು ಬಂದೆ.

ಮತ್ತೆ ನವರಾತ್ರಿ ಬಂತು. ಈಗ ಗುಂಡಿಗಳೆಲ್ಲ ನನ್ನ ಪಾಲಿನ ಕೆಲಸ, ಚಪಾತಿ ಮುರಿಯುವುದೂ ನನ್ನದೇ. ಆಯುಧಪೂಜೆಗೆ ಸೈಕಲ್ಲನ್ನು ಲಿಫ್ಟಿನಲ್ಲಿ ಮೇಲೆ ತಂದು ಬಾಗಿಲ ಮುಂದೆ ನಿಲ್ಲಿಸಿ ತೊಳೆದೆ. ಇವರು ಕುರ್ಚಿ ಹಾಕಿಸಿಕೊಂಡು ನೋಡುತ್ತಾ ಕೂತಿದ್ದರು. ನಾನು ಬುದ್ಧಿ ಬಂದವಳು, ಮೊದಲು ಎರಡೂ ಡಿಸ್ಕಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಆಮೇಲೆ ಹ್ಯಾಂಡಲಿಗೆ, ಪೆಡಲಿಗೆ, ಬೆಲ್ಲಿಗೆ ಎಣ್ಣೆ ಸವರಿ ಕುಂಕುಮ ಇಟ್ಟೆ.

‘ಆ ಕವರ್ ತೆಗಿಯೇ’ ಎಂದರು.

‘ಯಾಕ್ರೀ?’

‘ಅದಕ್ಕೂ ಹಚ್ಚು.’

‘ಮುಟ್ಟಬಾರದು ಅಂತ ನೀವೇ ಹೇಳಿದ್ದು’ ಎಂದೆ.

‘ಈಗ ಮುಟ್ಟಬಹುದು’ ಎಂದರು.

ರಬ್ಬರ್ ಬ್ಯಾಂಡ್ ಬಿಚ್ಚಿ ಕವರ್ ತೆಗೆದೆ. ಎಣ್ಣೆಯಲ್ಲಿ ಬಟ್ಟೆ ಅದ್ದಿ ಎರಡೂ ಡಿಸ್ಕಿಗೆ, ಎರಡೂ ಕಡೆ, ಒಂದು ತೂತೂ ಬಿಡದಂತೆ ಸವರಿದೆ.